ಇಪ್ಪತ್ತೆಂಟನೆಯ ದಿನ

ಮರ್ಲೀನ್ ಪ್ಯಾಸ್ಕಲ್ ಬೀಗದಕೈ ಕೊಟ್ಟು ಹೋಗುವಾಗ
ಹೇಳಿದ್ದು ಮೂರೇ ಮಾತು:
ಬುಧವಾರ ಕಸದ ಡಬ್ಬಿ ಹೊರಗಿಡಿ,
ಕತ್ತಲಾದರೆ ದೀಪ ಹಾಕಿ ಪರದೆ ಎಳೆಯಿರಿ,
ಜೆರೇನಿಯಂಗೆ ನೀರು ಜಾಸ್ತಿ ಬೇಡ.
ಕಂದು ಲಕೋಟೆಗಳ ಬಗ್ಗೆ ಅವಳು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಹ್ಯಾಲಿಫ್ಯಾಕ್ಸಿನ ಈ ಇಳಿಜಾರಿನಲ್ಲಿ ನಮ್ಮ ಮನೆಗಳು
ಬಸ್ಸಿಗೆ ನಿಂತು ಸಾಕಾದವರ ಹಾಗೆ
ಒಂದರ ಹೆಗಲಿಗೆ ಒಂದು ಒರಗಿವೆ.
ನಡುವೆ ಒಂದೇ ಗೋಡೆ.
ಹತ್ತೂವರೆಗೆ ಅವಳು ಕೆಮ್ಮಿದರೆ
ನಾನು ಗಡಿಯಾರಕ್ಕೆ ಕೀಲಿ ಕೊಡುತ್ತೇನೆ.

ಮೂವತ್ತೆಂಟು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು;
ಊರಿನ ಅರ್ಧ ಜನ ಹುಟ್ಟಿದ್ದು, ಇನ್ನು ಕೆಲವರು ಸತ್ತದ್ದು
ಅವಳು ಮಡಿಸಿಟ್ಟ ಹಾಸುಬಟ್ಟೆಗಳ ಮೇಲೆ.
ಈಗ ಅಕ್ಕ ಯೂಡೋರಾ, ಡೊಮಿನಿಕಾದಲ್ಲಿ,
ಕಡಲಿಗೆ ಮುಖ ಮಾಡಿದ ಮಂಚದಲ್ಲಿ
ಇವತ್ತೋ ನಾಳೆಯೋ ಅನ್ನುತ್ತಿದ್ದಳು.
ಮೂರು ವಾರದ ಟಿಕೆಟು.

ಇವತ್ತೋ ನಾಳೆಯೋ ಅನ್ನುವುದು
ಮೂರು ವಾರ ದಾಟಿತು. ಟಿಕೆಟಿನ ತಾರೀಕು ಬದಲಾಯಿತು.
ಇಲ್ಲಿ ಲಕೋಟೆಗಳು ಬೀಳತೊಡಗಿದವು.
ಆಯ್ದು ಬ್ರೆಡ್ ಡಬ್ಬದ ಮೇಲೆ ಪೇರಿಸಿದೆ,
ಅಂಚಿಗೆ ಅಂಚು ಕೂಡಿಸಿ, ಏನೋ ದೊಡ್ಡ ಉಪಕಾರದ ಹಾಗೆ.
ಒಂದೊಂದಕ್ಕೂ ಪುಟ್ಟ ಕಿಟಕಿ, ಕಿಟಕಿಯಲ್ಲಿ ಅವಳ ಹೆಸರು:
ಆ ಮನೆಯಲ್ಲಿ ಉಳಿದಿದ್ದು ಅದೊಂದೇ.

ಸುಳ್ಳು. ನಾನೂ ಇದ್ದೆ.
ಪರದೆ ಎಳೆದ ಮೇಲೆ ಅರ್ಧ ಗಂಟೆ
ಅವಳ ಕುರ್ಚಿಯಲ್ಲಿ ಕೂತು ಬರುತ್ತಿದ್ದೆ.
ಕಳ್ಳರಿಗೆ ಮನೆ ತುಂಬಿದೆ ಅನ್ನಿಸಲಿ ಅಂತ
ನನ್ನ ಕಸ ಅವಳ ಡಬ್ಬಿಗೆ ಹಾಕಿದೆ.

ಐವತ್ತೊಂದನೆಯ ದಿನ ಬಂದಳು.
ನನಗೊಂದು ಬಾಟಲಿ ಮೆಣಸಿನ ಸಾಸು.
ಅಕ್ಕನ ಋಣ ತೀರಿಸಿ ಬಂದ ಕೈಯಲ್ಲೇ
ಮೊದಲ ಲಕೋಟೆ ಹರಿದಳು. ಕೊನೆಯದನ್ನು ನನಗೆ ಕೊಟ್ಟಳು:
ಕನ್ನಡಕ ಎಲ್ಲೋ ಇದೆ, ನೀವೇ ಓದಿ.

ಕೌನ್ಸಿಲ್ ಕಚೇರಿ. ಟೋಕನ್ ಅರವತ್ತಾರು.
ಗಾಜಿನ ಆಚೆ ನೆಗಡಿಯಾದ ಹುಡುಗ, ಒಳ್ಳೆಯವನೇ.
ಪರದೇಶಕ್ಕೆ ಹೋದರೆ ನಾಲ್ಕು ವಾರ, ಅಂದ,
ಅಲ್ಲಿಯವರೆಗೆ ರಿಯಾಯಿತಿ ಇರುತ್ತೆ.
ಹತ್ತಿರದವರು ತೀರಿಕೊಂಡರೆ ಇನ್ನೂ ನಾಲ್ಕು.
ಆದರೆ ಸಾವು ಮೊದಲ ನಾಲ್ಕರ ಒಳಗೇ ಆಗಿರಬೇಕು.
ನಿಮ್ಮ ಅಕ್ಕ...?
ಮೂವತ್ತನೆಯ ದಿನ, ಅಂದಳು. ಬೆಳಗಿನ ಜಾವ.
ಅವನು ಬೆರಳು ಮಡಿಸಿದ. ಬಿಡಿಸಿದ.
ಎರಡು ದಿನ ಮುಂಚೆ ಆಗಿದ್ದರೆ... ಅನ್ನಲು ಹೋಗಿ
ಕಿವಿಯ ತನಕ ಕೆಂಪಾದ.

ಮರ್ಲೀನ್ ನಕ್ಕಳು, ಗಾಜು ಅದುರುವಷ್ಟು.
ನಮ್ಮಕ್ಕ ಹುಟ್ಟಾ ನಿಧಾನಿ ಕಣಪ್ಪ,
ಚರ್ಚಿಗೆ ತಡ, ತನ್ನ ಮದುವೆಗೇ ತಡ,
ದೋಣಿ ಹೋದ ಮೇಲೆ ದಡಕ್ಕೆ ಬರುವವಳು.
ನಿಮ್ಮ ಲೆಕ್ಕ ಗೊತ್ತಿದ್ದರೆ
ನಾನೇ ಹೇಳುತ್ತಿದ್ದೆ, ಬೇಗ ಹೊರಡು ಅಂತ.
ಆಮೇಲೆ ನಗಲಿಲ್ಲ.

ಯಾರೂ ಇರದ ಮನೆಗೇಕೆ ತೆರಿಗೆ, ಕೇಳಿದೆ ನಾನು.
ಮನೆ ಪರದೇಶಕ್ಕೆ ಹೋಗಿರಲಿಲ್ಲವಲ್ಲ, ಅಂದ ಹುಡುಗ,
ಬೀದಿದೀಪ ಉರಿದಿದೆ, ಕಸದ ಲಾರಿ ಬಂದಿದೆ.
ನನ್ನ ಗಂಟಲು ಕಟ್ಟಿತು:
ಅದು ಹೊತ್ತೊಯ್ದದ್ದೆಲ್ಲ ನನ್ನ ಕಸ.
ಒಂಟಿ ವಾಸ ತಾನೆ, ಬೇರೆ ಯಾರೂ ಇರಲಿಲ್ಲವಲ್ಲ?
ಇಲ್ಲ, ಅಂದಳು. ನಾನು ನೆಲ ನೋಡಿದೆ.
ದಿನಕ್ಕೆ ಅರ್ಧ ಗಂಟೆಗೆ
ಅವರ ಅರ್ಜಿಯಲ್ಲಿ ಕಾಲಂ ಇಲ್ಲ.

ಎಪ್ಪತ್ತೊಂದು ಪೌಂಡು ಚಿಲ್ಲರೆ. ತಿಂಗಳಿಗೆ ಹತ್ತರಂತೆ.
ಅರ್ಧ ನಾನು ಕೊಡುತ್ತೇನೆಂದೆ ಬಸ್ಸಿನಲ್ಲಿ.
ಕೇಳಿಸದವಳ ಹಾಗೆ ಕಿಟಕಿ ಒರೆಸಿದಳು.
ಜೆರೇನಿಯಂ ಕೊಳೆತದ್ದಕ್ಕೂ ಏನೂ ಅನ್ನಲಿಲ್ಲ.
ಆ ರಾತ್ರಿ ಹನ್ನೊಂದಾದರೂ ಕೆಮ್ಮಿಲ್ಲ.

ಬುಧವಾರ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು.
ತಳಕ್ಕೆ ಅಂಟಿದ್ದ ನನ್ನ ಸಾರ್ಡೀನ್ ತಗಡು
ಕಂಡಿರಬೇಕು. ಹಿತ್ತಿಲ ಗೋಡೆ ತಟ್ಟಿದಳು, ಎರಡು ಸಲ:
ಮಿಸ್ಟರ್ ಆಕ್ರಾಯ್ಡ್, ಇನ್ನೂ ಜಾಗ ಇದೆ,
ತನ್ನಿ. ಹೇಗೂ ದುಡ್ಡು ಕಟ್ಟುತ್ತಿದ್ದೇನಲ್ಲ.